ಮೂಗಿನಿಂದ ಶ್ವಾಸಕೋಶದವರೆಗೆ: ಮಾಲೀಕರ ಕೈಪಿಡಿ

ಸಾಧನದ ಪರಿಚಯ

ಅಭಿನಂದನೆಗಳು. ಮುಖದ ನಡುವೆ ಶುರುವಾಗಿ ಎದೆಗೂಡಿನ ತಳದವರೆಗೆ ಇಳಿಯುವ ಈ ಸಾಧನ ಒಂದೇ ತುಂಡು. ಮೂಗು ಒಂದು ಕಂಪನಿಯದು, ಶ್ವಾಸಕೋಶ ಇನ್ನೊಂದರದು ಎಂದು ನಂಬಿ, ಅದಕ್ಕೊಬ್ಬ ಡಾಕ್ಟರು ಇದಕ್ಕೊಬ್ಬರು ಎಂದು ವರ್ಷಗಟ್ಟಲೆ ಅಲೆಯುವ ಗ್ರಾಹಕರು ಬಹಳ. ಒಳಪದರ ಬಹುಮಟ್ಟಿಗೆ ಎರಡೂ ಕಡೆ ಒಂದೇ. ಅಲ್ಲಿ ಊತ ಎಬ್ಬಿಸುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಅವೇ. ಆಸ್ತಮಾ ಇರುವ ಬಹುಪಾಲು ಜನರಿಗೆ ಮೂಗಿನ ತಕರಾರೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸೇರಿ ತಜ್ಞರು 2001ರಲ್ಲಿ ‘ಅರಿಯಾ’ ವರದಿ ತಂದು, ಅಲರ್ಜಿಯ ಮೂಗನ್ನೂ ಆಸ್ತಮಾವನ್ನೂ ಒಟ್ಟಿಗೇ ನೋಡಿ ಎಂದರು. ನಮ್ಮ ಆಸ್ಪತ್ರೆಗಳಲ್ಲಿ ಈ ಎರಡು ವಿಭಾಗಗಳು ಇನ್ನೂ ಬೇರೆ ಬೇರೆ ಮಹಡಿಯಲ್ಲೇ ಇರುತ್ತವೆ, ಆ ಮಾತು ಬೇರೆ.

ಬಿಡಿಭಾಗಗಳು

ಸೈನಸ್ ಗೂಡುಗಳು ನಾಲ್ಕು ಜೊತೆ. ಅವುಗಳಲ್ಲಿ ಹಣೆಯದು ಹುಟ್ಟುವಾಗ ಸಿಗುವುದಿಲ್ಲ, ಮಗು ಬೆಳೆದಂತೆ ತಾನೇ ಬರುತ್ತದೆ. ಆ ಬಗ್ಗೆ ದೂರು ಬೇಡ. ಕೆನ್ನೆಯ ಗೂಡಿನ ವಿನ್ಯಾಸದ ಬಗ್ಗೆ ದೂರಿದರೆ ಮಾತ್ರ ನ್ಯಾಯವಿದೆ. ನೀರಿನ ತೊಟ್ಟಿಗೆ ನಲ್ಲಿಯನ್ನು ತಳದಲ್ಲಿಡದೆ ಮೇಲಂಚಿನಲ್ಲಿ ಕೂರಿಸಿದ ಹಾಗೆ ಅದರ ಬಾಯಿ ಮೇಲಿದೆ. ಒಳಗಿನ ಲೋಳೆ ತಾನಾಗಿ ಇಳಿದುಹೋಗದು. ಕಣ್ಣಿಗೆ ಕಾಣದ ರೋಮಗಳು ಹಗಲಿರುಳು ಅದನ್ನು ಮೇಲಕ್ಕೆ ತಳ್ಳುತ್ತಿರಬೇಕು. ಶೀತಕ್ಕೋ ಅಲರ್ಜಿಗೋ ಆ ಬಾಯಿ ಊದಿ ಮುಚ್ಚಿತೋ, ಕೆಲಸ ಕೆಟ್ಟಿತು. ತೊಂದರೆ 12 ವಾರ ದಾಟಿದರೆ ಅದಕ್ಕೆ ದೀರ್ಘಕಾಲದ ಸೈನಸೈಟಿಸ್ ಎಂಬ ಪದವಿ ಸಿಗುತ್ತದೆ.

ಇಂಥವೇ ರೋಮಗಳು ಶ್ವಾಸನಾಳದಲ್ಲೂ ಇವೆ. ಹುಟ್ಟಿನಿಂದಲೇ ಅವು ಸರಿಯಾಗಿ ಆಡದವರಲ್ಲಿ ಮೇಲೆ ಸೈನಸ್ ಕಟ್ಟುತ್ತದೆ, ಕೆಳಗೆ ಶ್ವಾಸನಾಳ ಹಿಗ್ಗಿ ಕಫ ನಿಲ್ಲುತ್ತದೆ, ಕೆಲವರಿಗಂತೂ ಹೃದಯವೇ ಬಲಗಡೆ ಇರುತ್ತದೆ. ಈ ಮೂರನ್ನೂ ಒಂದೇ ಕಾಯಿಲೆಯಾಗಿ 1933ರಲ್ಲಿ ವಿವರಿಸಿದವರು ಸ್ವಿಟ್ಜರ್ಲೆಂಡಿನ ಕಾರ್ಟಗೆನರ್. ಇದು ತಯಾರಿಕೆಯ ದೋಷ. ಬದಲಿ ಕೊಡುವ ಪದ್ಧತಿ ಇಲ್ಲ.

ಚಾಲನೆ

ಗಾಳಿಯನ್ನು ಮೂಗಿನಿಂದಲೇ ಎಳೆಯಿರಿ. ಅದನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಬೆರೆಸಿ ಕೆಳಗೆ ಕಳಿಸುವುದು ಮೂಗಿನ ಕೆಲಸ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದಿರೋ, ಒಣ ಗಾಳಿ ಧೂಳಿನ ಸಮೇತ ನೇರ ಎದೆಗೆ. ದಮ್ಮು ಇರುವವರು ನಡುರಾತ್ರಿ ದಿಂಬಿನಡಿ ಇನ್‌ಹೇಲರ್ ಪಂಪು ತಡಕಾಡುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳುಹುಳ, ಜಿರಲೆ, ಸಾಂಬ್ರಾಣಿ ಹೊಗೆ ಯಾವುದಾದರೂ ಸರಿ, ಮೇಲೆ ಸೀನು ಎಬ್ಬಿಸಿದ್ದು ಕೆಳಗೆ ಕೆಮ್ಮನ್ನೂ ಎಬ್ಬಿಸಬಲ್ಲದು.

ಮೂಗಿಗೆ ಸ್ಪ್ರೇ ಹೊಡೆಯುವಾಗ ತಲೆ ತುಸು ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗಿರಲಿ. ಜೋರಾಗಿ ಸೊರ್ ಎಂದು ಎಳೆದರೆ ಔಷಧ ಗಂಟಲಿಗೆ ಇಳಿಯುತ್ತದೆ. ಸ್ಟೀರಾಯ್ಡ್ ಪಂಪು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಮೂಗು ತೊಳೆಯುವ ಜಲನೇತಿಗೆ ಕುದಿಸಿ ಆರಿಸಿದ ನೀರು, ಉಪ್ಪು. ನಲ್ಲಿ ನೀರನ್ನು ಹಾಗೇ ಸುರಿಯಕೂಡದು.

ಎಚ್ಚರಿಕೆ

ಮೂಗು ಬಿಡಿಸುವ ಡ್ರಾಪ್ಸ್ ಕೆಲವೇ ದಿನದ ಅತಿಥಿ. ವಾರಗಟ್ಟಲೆ ಹಾಕಿದರೆ, ಬಿಟ್ಟೊಡನೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಒಲೆಯ ಮುಂದೆಯೇ ನಿಂತಿದ್ದರೂ ಇಂಗಿನ ಒಗ್ಗರಣೆಯ ವಾಸನೆ ಬಾರದವರಿದ್ದಾರೆ. ಅಂಥವರಲ್ಲಿ ಕೆಲವರ ಮೂಗಿನಲ್ಲಿ ದ್ರಾಕ್ಷಿಯಷ್ಟು ಮೃದುವಾದ ಪಾಲಿಪ್ ಎಂಬ ಗಂಟು ಬೆಳೆದಿರುತ್ತದೆ, ಜೊತೆಗೆ ಆಸ್ತಮಾ ಇರುತ್ತದೆ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಸ್ಪಿರಿನ್, ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಇವರಲ್ಲಿ ಕೆಲವರಿಗೆ ಗಂಟೆಯೊಂದೆರಡರಲ್ಲೇ ಉಸಿರು ಕಟ್ಟಿಸಬಹುದು. ಫ್ರಾನ್ಸಿನ ವಿಡಾಲ್ 1922ರಲ್ಲೇ ಬರೆದಿಟ್ಟ, 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ಮತ್ತೆ ಎತ್ತಿ ಹೇಳಿದ ಸಂಗತಿಯಿದು. ‘ಗುಳಿಗೆ ನುಂಗಿದ ಮೇಲೆ ಯಾವತ್ತಾದರೂ ಉಬ್ಬಸ ಬಂದಿತ್ತಾ?’ ಎಂದು ಡಾಕ್ಟರು ಕೇಳದಿದ್ದರೆ ನೀವೇ ಹೇಳಿ.

ಸರ್ವಿಸ್

ಸೈನಸ್‌ನ ಸಿ.ಟಿ. ಸ್ಕ್ಯಾನು, ಊದಿಸಿ ಅಳೆದ ಸ್ಪೈರೊಮೆಟ್ರಿ ಚೀಟಿ ಎರಡೂ ಒಂದೇ ಫೈಲಿನಲ್ಲಿರಲಿ. ಪಾಲಿಪ್ ತೆಗೆಸಿದ ಖುಷಿಯಲ್ಲಿ ಪಂಪನ್ನು ಕಪಾಟಿಗೆ ಸೇರಿಸಬೇಡಿ. ಆಪರೇಷನ್ನಿನಿಂದ ಉಸಿರಾಟ ಹಗುರಾಗಬಹುದು, ಆಸ್ತಮಾ ಹೊರಟುಹೋಗುವುದಿಲ್ಲ. ಪಾಲಿಪ್ಪಿಗೂ ಮತ್ತೆ ಬೆಳೆಯುವ ಚಾಳಿಯಿದೆ. ಮುಂದಿನ ತಾರೀಖನ್ನು ಚೀಟಿಯ ಮೇಲೇ ಬರೆಸಿಕೊಂಡು ಬನ್ನಿ.