ದೇವರಗುಡ್ಡದ ಹಸುರುವಲಯ ಮೀಮಾಂಸೆ

ಕ್ರಿಸ್ಮಸ್ ಕಾಲಕ್ಕೆ ಬಾಗಿಲಿಗೆ ತೂಗಹಾಕುವ ಹಸುರೆಲೆಯ ವಲಯದ ಲಕ್ಷಣ, ದ್ರವ್ಯ, ಪ್ರಯೋಗಗಳನ್ನು ನಿರ್ಣಯಿಸುವ ಶಾಸ್ತ್ರಗ್ರಂಥವು ರಾಣೆಬೆನ್ನೂರು ಸೀಮೆಯಲ್ಲಿ ಇದುವರೆಗೆ ಹುಟ್ಟದಿರುವುದಕ್ಕೆ ಅದು ಯಾರಿಗೂ ಬೇಕಾಗದಿದ್ದುದೇ ಕಾರಣವೆಂದು ಕೆಲವರು ಹೇಳುವರಾದರೂ, ಯಾರಿಗೂ ಬೇಡವಾದ ವಿಷಯದಲ್ಲಿಯೇ ಶಾಸ್ತ್ರವು ನಿರಾತಂಕವಾಗಿ ಬೆಳೆಯುವುದೆಂಬುದು ವಿದ್ವಾಂಸರೆಲ್ಲರ ಅನುಭವವಾದುದರಿಂದ, ಮಾಲತೇಶನ ಸನ್ನಿಧಿಯಾದ ದೇವರಗುಡ್ಡದ ತಪ್ಪಲಿನಲ್ಲಿ ಕುಳಿತು ಈ ಮೀಮಾಂಸೆಗೆ ತೊಡಗಿದ್ದೇನೆ.

ಮೊದಲು ಇತಿಹಾಸ. ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳ ಆಶ್ರಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಧರ್ಮಪಂಡಿತನು, ಹಬ್ಬ ಎಂದು ಬರುವುದೆಂದು ನಿತ್ಯವೂ ಕೇಳುವ ಹುಡುಗರ ಸಮಾಧಾನಕ್ಕಾಗಿ, 1839ರಲ್ಲಿ ಬಂಡಿಯ ಗಾಲಿಯೊಂದರ ಮೇಲೆ 20 ಸಣ್ಣ ಕೆಂಪು ಬತ್ತಿಗಳನ್ನೂ, ಭಾನುವಾರಗಳಿಗೆಂದು 4 ದೊಡ್ಡ ಬಿಳಿಯ ಬತ್ತಿಗಳನ್ನೂ ನಿಲ್ಲಿಸಿದನೆಂದು ಪ್ರಸಿದ್ಧಿ. ಹಸುರು ಅದನ್ನು ಸೇರಿದ್ದು ಆಮೇಲೆ. ಅದೇ 1839ರಲ್ಲಿ ಬಾಸೆಲ್ ಮಿಶನ್ನಿನವರು ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಇಸವಿ ಹೊಂದಿಕೊಂಡ ಮೇಲೂ ಸಂಬಂಧ ಕಲ್ಪಿಸದೆ ಬಿಡುವುದು ಸಂಶೋಧಕನ ಕುಲಧರ್ಮವಲ್ಲವಾಗಿ, ಆ ಗಾಲಿಯು ನಮ್ಮ ಕಡೆಯ ಚಕ್ಕಡಿಯದೇ ಎಂದು ಸದ್ಯಕ್ಕೆ ಊಹಿಸಿ, ಎರಡನೆಯ ಮುದ್ರಣದಲ್ಲಿ ಸಿದ್ಧಾಂತವೆಂದು ಸಾಧಿಸುವೆನು.

ಇನ್ನು ಪೂರ್ವಪಕ್ಷ: ಮಾವಿನೆಲೆಯ ತೋರಣವಿರುವಾಗ ವಲಯವೇತಕ್ಕೆ? ಸಮಾಧಾನ: ತೋರಣಕ್ಕೆ ಎರಡು ಮೊಳೆ ಬೇಕು, ವಲಯಕ್ಕೆ ಒಂದೇ ಸಾಕು. ಈ ಲಾಘವನ್ಯಾಯದ ಮುಂದೆ ಪೂರ್ವಪಕ್ಷಿಗಳು ಸುತ್ತಿಗೆಯನ್ನು ಕೆಳಗಿಟ್ಟರು.

ದ್ರವ್ಯನಿರ್ಣಯವೇ ಕಠಿನವಾದುದು. ಬನ್ನಿಯು ಈ ಸ್ಥಳಕ್ಕೆ ಯೋಗ್ಯವೆಂದು ಭಾವಿಸಿದರೆ, ದಸರೆಯಲ್ಲಿ ಊರೆಲ್ಲ ಅದನ್ನು ಬಂಗಾರವೆಂದು ಹಂಚಿಕೊಂಡ ಮೇಲೆ ಕೈಗೆಟುಕುವ ಟೊಂಗೆಯಲ್ಲಿ ಉಳಿಯುವುದು ಮುಳ್ಳು. ಮೇಲಾಗಿ ಅದರ ಪುಟ್ಟ ಎಲೆಗಳು ಬಾಡಿ ಉದುರಿ, ಮಧ್ಯಾಹ್ನಕ್ಕೆ ಕಸಬರಿಗೆಯ ಪಾಲಾಗುತ್ತವೆ. ವಿದೇಶದ ಹೂವಿನಂಗಡಿಗಳಲ್ಲಿ ತೂಕ ಹಾಕಿ ಮಾರುವ ನೀಲಗಿರಿಯ ಸೊಪ್ಪಾದರೋ, 1974ರಲ್ಲಿ ಕೃಷ್ಣಮೃಗಗಳಿಗೆಂದು ಘೋಷಿತವಾದ ರಾಣೆಬೆನ್ನೂರು ಅಭಯಾರಣ್ಯದ 119 ಚದರ ಕಿಲೋಮೀಟರಿನಲ್ಲಿ, ಹುಲ್ಲುಗಾವಲು ಬಯಸುವ ಆ ಮೃಗಗಳ ಅಭಿಪ್ರಾಯವನ್ನು ಕೇಳದೆಯೇ, ಸಾಲುಸಾಲಾಗಿ ಬೆಳೆದು ನಿಂತಿದೆ. ಅಲ್ಲಿ ಎಲೆ ಕೀಳುವುದು ಅಪರಾಧವಾದುದರಿಂದ ಹೊಲದ ಬದುವಿನದನ್ನೇ ತರತಕ್ಕದ್ದು.

ಇಲ್ಲಿ ಒಂದು ಮಹಾಸಂಶಯವುಂಟು. ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಆಪ್ತವಾಕ್ಯ. ಕುರಿ ಆಡುಗಳು ಹೊಸ್ತಿಲವರೆಗೂ ಬಂದು ವಿಚಾರಿಸಿ ಹೋಗುವ ಈ ನಾಡಿನಲ್ಲಿ ಬಾಗಿಲ ಹಸುರು ಉಳಿಯುವುದೆಂತು? ಬೇಲಿಗೆ ನೆಟ್ಟ ಆಡುಸೋಗೆಯನ್ನು ಆಡು ಮೂಸಿ ಬಿಡುವುದು ಪ್ರತ್ಯಕ್ಷ. ಪ್ರತ್ಯಕ್ಷಕ್ಕೂ ಆಪ್ತವಾಕ್ಯಕ್ಕೂ ವಿರೋಧ ಬಂದಲ್ಲಿ ಯಾವುದು ಬಲವತ್ತರವೆಂದು ತರ್ಕಶಾಸ್ತ್ರಜ್ಞರು ವಾದಿಸುತ್ತಿರಲಿ. ನಾನು ವಲಯದ ಕೆಳಗಿನರ್ಧಕ್ಕೆ ಆಡುಸೋಗೆಯನ್ನೂ, ಆಡಿನ ಬಾಯಿಗೆ ಎಟುಕದ ಮೇಲಿನರ್ಧಕ್ಕೆ ನೀಲಗಿರಿ ಮಾವುಗಳನ್ನೂ ವಿಧಿಸಿ, ಎರಡು ಪ್ರಮಾಣಗಳ ಮಾನವನ್ನೂ ಕಾಪಾಡಿದ್ದೇನೆ.

ಕೆಂಪಿಗಾಗಿ ಪಾಶ್ಚಾತ್ಯರು ಹಾಲಿ ಎಂಬ ಮುಳ್ಳೆಲೆ ಗಿಡದ ಹಣ್ಣನ್ನು ಸಿಕ್ಕಿಸುತ್ತಾರೆ. ಬ್ಯಾಡಗಿಯು ಕೂಗಳತೆಯಲ್ಲಿರುವವರಿಗೆ ಆ ದೈನ್ಯವೇಕೆ? 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಮೆಣಸಿನಕಾಯಿಯು ಒಣಗಿದಾಗ ಮೈಯೆಲ್ಲ ನಿರಿಗೆಗಟ್ಟಿ ಗಾಢರಕ್ತವರ್ಣವನ್ನು ತಾಳುತ್ತದೆ. ಬಣ್ಣ ಬಹಳ, ಖಾರ ಕಡಿಮೆ. ಅಲಂಕಾರಕ್ಕೆ ನಿಂತವರಲ್ಲಿ ಇರಬೇಕಾದ ಗುಣವೂ ಇದೇ. ಡಬ್ಬಿ, ಕಡ್ಡಿಗಳೆಂಬ ಎರಡು ಬಗೆಯಲ್ಲಿ ತುಸು ದಪ್ಪನಾದ ಡಬ್ಬಿಯೇ ಗ್ರಾಹ್ಯ. ತೊಟ್ಟಿಗೆ ದಾರ ಬಿಗಿದು ಮೂರು ಮೂರಾಗಿ ಕಟ್ಟತಕ್ಕದ್ದು. ಕಟ್ಟಿದ ಕೈಯನ್ನು ಕಣ್ಣಿಗೆ ಒಯ್ಯತಕ್ಕದ್ದಲ್ಲ. ಈ ಕೊನೆಯ ವಿಧಿಗೆ ಭಾಷ್ಯ ಬೇಕಿಲ್ಲ.

ಎಲೆಗಳಿಗೆ ಆಧಾರವಾಗಿ, ಭತ್ತದ ಹುಲ್ಲನ್ನು ಹೊಸೆದು ತಂತಿ ಸುತ್ತಿ ಬಳೆಯಾಗಿಸಿ, ಮೇಲೆ ಹಳೆಯ ಸೀರೆಯ ಅಂಚನ್ನು ಬಿಗಿದೆನು. ತೂಗಹಾಕುತ್ತಿರುವಾಗ ನೆರೆಮನೆಯ ಆಯಿ ಕೊಡ ಹೊತ್ತು ಬಂದವಳು ನಿಂತು, ತಲೆಯಿಂದ ಪಾದದವರೆಗೆ ನನ್ನನ್ನೂ ಬಾಗಿಲನ್ನೂ ನೋಡಿ, ಒಂದೇ ಮಾತು ನುಡಿದಳು: “ಯಪ್ಪಾ, ಸಿಂಬಿ ಬಾಗಿಲಿಗ್ಯಾಕೋ?”

ಮಹಾನವಮಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ ನುಡಿಯುವ ಕಾರಣಿಕವೂ ಒಂದೇ ಮಾತಿನದು. ಅದರಲ್ಲಿ ಒಕ್ಕಲಿಗನು ಮಳೆಯನ್ನೂ, ವರ್ತಕನು ಧಾರಣೆಯನ್ನೂ, ಪುಢಾರಿಯು ಕುರ್ಚಿಯನ್ನೂ ಕಾಣುವನು. ಹಾಗೆಯೇ ಆಯಿಯ ವಾಕ್ಯಕ್ಕೂ, ಹೊರುವವರಿಲ್ಲದ ಭಾರವೇ ಅಲಂಕಾರವೆಂದೊಂದು, ಮನೆಯೇ ತಲೆಯೆಂದು ಇನ್ನೊಂದು, ಹೀಗೆ ಹಲವು ಅರ್ಥಗಳನ್ನು ಬರೆದು ಮುಗಿಸಿ ಅವಳಿಗೆ ಓದಿ ಹೇಳಿದೆನು. ಕೊಡದ ನೀರು ತುಳುಕಿತೇ ಹೊರತು ಉತ್ತರ ಬರಲಿಲ್ಲ.

ವಿಸರ್ಜನಪ್ರಕರಣವು ಸಂಕ್ಷಿಪ್ತ. ಜನವರಿ 6ರಂದು, ಮೂವರು ಜ್ಞಾನಿಗಳು ಶಿಶುವನ್ನು ಕಂಡ ಹಬ್ಬಕ್ಕೆ, ವಲಯವನ್ನು ಇಳಿಸುವುದು ಸಂಪ್ರದಾಯ. ನಮ್ಮಲ್ಲಿ ಅದು ಅದಕ್ಕೂ ಮುಂಚೆಯೇ ಕ್ರಮಕ್ರಮವಾಗಿ ಸಂಪನ್ನವಾಯಿತು: ಮೆಣಸಿನಕಾಯಿ ಅಡುಗೆಮನೆಗೆ, ನೀಲಗಿರಿ ನೆಗಡಿಯಾದವರ ಸ್ನಾನದ ಹಂಡೆಗೆ, ಹುಲ್ಲಿನ ಬಳೆ ಆಯಿಯ ಕೊಡದ ಕೆಳಕ್ಕೆ. ಶಾಸ್ತ್ರಕಾರನ ಪಾಲಿಗೆ ತಂತಿ ಉಳಿದಿತ್ತು. ಬೇಲಿಗೆ ಬೇಕೆಂದು ನಿನ್ನೆ ಅದನ್ನೂ ಕೇಳಿ ಒಯ್ದಿದ್ದಾರೆ.