ಪ್ಯಾಡಿನ ಪಾಡು

ಬ್ರೇಕಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ಹೆಬ್ಬಗೋಡಿಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ಈ ಕಡೆ ಎಲೆಕ್ಟ್ರಾನಿಕ್ ಸಿಟಿ, ಆ ಕಡೆ ಬೊಮ್ಮಸಂದ್ರ, ಅದರಾಚೆ ಜಿಗಣಿ, ಅತ್ತಿಬೆಲೆ. ಪ್ರತಿ ಬೀದಿಗೂ ಒಬ್ಬರು ಲೇಥ್ ಓಡಿಸುವವರು, ಒಬ್ಬರು ಕ್ವಾಲಿಟಿ ಇನ್‌ಸ್ಪೆಕ್ಟರು, ಒಬ್ಬರು ಲಾರಿ ಇಟ್ಟವರು, ಮಿಕ್ಕವರು ಲ್ಯಾಪ್‌ಟಾಪ್ ನೋಡಿ ಎಲ್ಲ ಬಲ್ಲವರು. ಈ ಪಂಡಿತರ ನಡುವೆ ನನ್ನ ಹತ್ತಿರ ಇರುವುದು 2017ರ ಒಂದು ಪುಟ್ಟ ಕಾರು, ಮತ್ತೆ ಅದರಲ್ಲಿ ಹಿಡಿಸದಷ್ಟು ಜಂಬ.

ಹೊಸೂರು ರಸ್ತೆಯಲ್ಲಿ ಓಡಾಡುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆಕ್ಸಿಲರೇಟರ್ ಇರುವುದು ಅಲಂಕಾರಕ್ಕೆ. ಸಂಸಾರ ನಡೆಯುವುದೆಲ್ಲ ಬ್ರೇಕಿನ ಮೇಲೆ. ಶಿಫ್ಟ್ ಬಿಡುವ ಹೊತ್ತಿಗೆ ಕಂಪನಿ ಬಸ್ಸುಗಳು ಸರ್ವಿಸ್ ರಸ್ತೆಗೆ ನುಗ್ಗುತ್ತವೆ. ನೀರಿನ ಟ್ಯಾಂಕರು ಎದುರಿಂದಲೇ ಬರುತ್ತದೆ. ಆಟೊ ಅಣ್ಣ ಮನಸ್ಸು ಬಂದ ಕಡೆ ಹ್ಯಾಂಡಲ್ ತಿರುಗಿಸುತ್ತಾನೆ. ಒತ್ತು, ಬಿಡು, ಮತ್ತೆ ಒತ್ತು. ಹೀಗೆ ಒತ್ತಿ ಒತ್ತಿ ಒಂದು ದಿನ ಮುಂದಿನ ಚಕ್ರದಿಂದ ‘ಕೀಂಯ್’ ಅಂತ ಸದ್ದು ಶುರುವಾಯಿತು.

“ರೀ, ಬ್ರೇಕ್ ಕೂಗ್ತಿದೆ,” ಅಂದಳು ಇವಳು.

“ಧೂಳು ಕಣೆ. ಒಂದು ಮಳೆ ಬಂದ್ರೆ ಹೋಗುತ್ತೆ.”

ಮಳೆ ಬಂತು. ಧೂಳು ಹೋಯಿತು. ಸದ್ದು ಎಲ್ಲಿಗೂ ಹೋಗಲಿಲ್ಲ.

ಪ್ಯಾಡಿನ ಬೆನ್ನಿಗೆ ಒಂದು ತೆಳ್ಳನೆಯ ಉಕ್ಕಿನ ನಾಲಿಗೆ ಇರುತ್ತದಂತೆ. ಪ್ಯಾಡು ಸವೆಯುತ್ತ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಮಾಲೀಕನ ಕಿವಿ ಹಿಂಡಲಿ ಅಂತಲೇ ಕಂಪನಿಯವರು ಇಟ್ಟಿರುವ ವ್ಯವಸ್ಥೆ. ನಾನು ಮಾತ್ರ ಈ ಕಿರುಚಾಟಕ್ಕೆ ವಂಶಾವಳಿ ಹುಡುಕಿ ಸಮಾಧಾನಪಟ್ಟುಕೊಂಡೆ. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡಾಗ ಅವನ ಬ್ರೇಕಿನಲ್ಲಿ ತಾಮ್ರದ ಪ್ಯಾಡು ಲೋಹದ ಡಿಸ್ಕಿಗೆ ಉಜ್ಜಿ ವಿಪರೀತ ಕಿರುಚುತ್ತಿತ್ತಂತೆ. ಅಂದಮೇಲೆ ನನ್ನ ಕಾರಿನದ್ದು ಖಾನ್‌ದಾನಿ ಸದ್ದು. ಅದು ಜೋರಾದ ಹಾಗೆಲ್ಲ ನಾನು ರೇಡಿಯೊ ಜೋರು ಮಾಡುತ್ತ ಹೋದೆ. ಕೊನೆಗೆ ‘ಕೀಂಯ್’ ನಿಂತು ‘ಗರ್ರ್’ ಅಂತ ಶುರುವಾಯಿತು.

“ನೋಡಿದ್ಯಾ, ಕೂಗೋದು ನಿಂತುಹೋಯ್ತು,” ಅಂತ ಬೀಗಿದೆ.

ಆ ಗರ್ರಿನ ಅರ್ಥ ಕೆಳಗಿನ ಮನೆಯವರಿಗೆ ಗೊತ್ತಿತ್ತು. ಅವರು ಬೊಮ್ಮಸಂದ್ರದಲ್ಲಿ ಸಿಎನ್‌ಸಿ ಶಾಪ್ ಇಟ್ಟವರು. ಜೇಬಿನಲ್ಲಿ ನಾವೆಲ್ಲ ಪೆನ್ನು ಇಟ್ಟುಕೊಳ್ಳುವ ಕಡೆ ಅವರು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಬಂದು, ಜಾಕ್ ಏರಿಸಿ, ಚಕ್ರ ಬಿಚ್ಚಿಯೇಬಿಟ್ಟರು. ಡಿಸ್ಕಿನ ಮೇಲೆ ಗ್ರಾಮಫೋನ್ ಮುಳ್ಳು ಓಡುವಷ್ಟು ಗೆರೆಗಳು. ಉಗುರು ಅಡ್ಡ ಎಳೆದರೆ ಟಕ ಟಕ ಅಂತ ಸಿಕ್ಕಿಕೊಳ್ಳುತ್ತಿತ್ತು. ಪ್ಯಾಡು ತಾಗದ ಅಂಚಿನಲ್ಲಿ ಒಂದು ದಡ ಎದ್ದು ನಿಂತಿತ್ತು. ಅವರು ತುಕ್ಕು ಉಜ್ಜಿದಾಗ ಡಿಸ್ಕಿನ ಮೇಲೇ ಅಚ್ಚಾಗಿದ್ದ ಅಕ್ಷರ ಕಾಣಿಸಿತು: ಕನಿಷ್ಠ ದಪ್ಪ 18 ಮಿ.ಮೀ.

“ಹೊಸದಿದ್ದಾಗ 20 ಇರುತ್ತೆ ಸಾರ್. ಈಗ 17.6.”

ಏನೂ ಗೊತ್ತಿಲ್ಲದವನು ಅನ್ನಿಸಿಕೊಳ್ಳಬಾರದಲ್ಲ, “ಲೇಥಿಗೆ ಹಾಕಿ ಒಂದು ಕಟ್ ಹಿಡಿಸಿಬಿಡೋಣ” ಅಂದೆ.

“ಇನ್ನೊಂದು ಕಟ್ ಹಿಡಿದ್ರೆ ಉಳಿಯೋದು ನಿಮ್ಮ ಧೈರ್ಯ ಒಂದೇ,” ಅಂದರು. ಓಡುವ ಗಾಡಿ ನಿಂತಾಗ ಅದರ ವೇಗವೆಲ್ಲ ಬಿಸಿಯಾಗುತ್ತದೆ, ಆ ಬಿಸಿ ಕುಡಿಯುವುದು ಡಿಸ್ಕಿನ ಕಬ್ಬಿಣ, ಕಬ್ಬಿಣ ತೆಳುವಾದಷ್ಟೂ ಬೇಗ ಕಾದು ಕೈಕೊಡುತ್ತದೆ ಅಂತ ವಿವರಿಸಿದರು. ವಿವರಿಸುವಾಗ ನನ್ನನ್ನು ನೋಡಲಿಲ್ಲ. ಬಾಲ್ಕನಿಯಲ್ಲಿ ನಿಂತಿದ್ದ ಇವಳನ್ನೂ ಅತ್ತೆಯವರನ್ನೂ ನೋಡುತ್ತಿದ್ದರು. ಅರ್ಥವಾಗುವವರು ಯಾರು ಅಂತ ಜನಕ್ಕೆ ಅದು ಹೇಗೆ ತಿಳಿಯುತ್ತದೋ!

ಸಂಜೆ ಕಾಫಿಗೆ ಸಭೆ ಕೂತಿತು. ಪ್ಯಾಡಿನಲ್ಲಿ ಮುಖ್ಯವಾಗಿ ಮೂರು ಜಾತಿ ಅಂತ ನಾನು ಅಧ್ಯಕ್ಷ ಭಾಷಣ ಶುರುಮಾಡಿದೆ. ಆರ್ಗ್ಯಾನಿಕ್ ಮೆತ್ತಗಿರುತ್ತದೆ, ಸದ್ದಿಲ್ಲ, ಬೇಗ ಸವೆಯುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಲೋಹದ ಎಳೆ, ಪುಡಿ ಬೆರೆತಿರುತ್ತದೆ. ಬಿಸಿ ತಡೆಯುತ್ತದೆ, ಗಟ್ಟಿಯಾಗಿ ಕಚ್ಚುತ್ತದೆ, ಆದರೆ ಕೂಗುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಸೆರಾಮಿಕ್‌ಗೆ ಸದ್ದೂ ಕಡಿಮೆ, ಚಕ್ರಕ್ಕೆ ಮೆತ್ತುವ ಕಪ್ಪು ಧೂಳೂ ಕಡಿಮೆ. ದುಡ್ಡು ಮಾತ್ರ ಜಾಸ್ತಿ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. “ಮೆತ್ತಗಿದ್ರೆ ತಾನು ಸವೆಯುತ್ತೆ, ಗಟ್ಟಿಯಿದ್ರೆ ಎದುರಿಗಿರೋದನ್ನ ಸವೆಸುತ್ತೆ. ಸಂಸಾರದ ಹಾಗೇ ಅನ್ನಿ ಅಳಿಯಂದ್ರೆ.”

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಇಷ್ಟೆಲ್ಲ ಯಾಕೆ? ಕಾರು ಮಾರಿ ಮೆಟ್ರೊದಲ್ಲಿ ಓಡಾಡಿ,” ಅಂದಳು ಇವಳು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದಾಗಿನಿಂದ ನಮ್ಮ ಮನೆಯ ಎಲ್ಲ ಸಮಸ್ಯೆಗೂ ಇದೇ ಔಷಧಿ. ಮೊದಮೊದಲು 25 ನಿಮಿಷಕ್ಕೊಂದು ರೈಲು ಇದ್ದಾಗಲೂ ಇದನ್ನೇ ಹೇಳುತ್ತಿದ್ದಳು. ಹೇಗೆ ಮಾರಲಿ ಹೇಳಿ? ನಾನು ಹೇಳಿದ ಕೂಡಲೇ ನಿಲ್ಲುವುದು ಈ ಮನೆಯಲ್ಲಿ ಕಾರೊಂದೇ. ಈಗ ಅದೂ ಸ್ವಲ್ಪ ಯೋಚನೆ ಮಾಡಿಯೇ ನಿಲ್ಲುತ್ತಿತ್ತು.

ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು, ನಿಮ್ಮ ಹತ್ತಿರ ಮುಚ್ಚಿಡುವುದೇನು. ರೇಸ್ ಕಾರಿಗೆ ಹಾಕುತ್ತಾರಲ್ಲ, ಮೈತುಂಬ ತೂತಿರುವ ಡಿಸ್ಕು, ಅದು ಬೇಕಿತ್ತು. ಕೆಳಗಿನ ಮನೆಯವರನ್ನು ಕೇಳಿದೆ. “ತೂತು ತಾನೆ, ನಮ್ಮ ಶಾಪಲ್ಲೇ ಹಾಕಿಕೊಡ್ತೀನಿ. ಆದ್ರೆ ತೂತಿನ ಸುತ್ತ ಬಿರುಕು ಬಿಡುತ್ತೆ. ಹಿಂದಿನ ಕಾಲದ ಪ್ಯಾಡು ಕಾದಾಗ ಗ್ಯಾಸ್ ಬಿಡ್ತಿತ್ತು, ಅದು ಹೊರಗೆ ಹೋಗಲಿ ಅಂತ ತೂತು. ಚಂದಾಪುರದ ಹಂಪ್‌ಗೆ ನಿಧಾನ ಮಾಡೋಕೆ ಯಾಕೆ ಸಾರ್?” ತೂತಿನ ಆಸೆಗೆ ಅಲ್ಲಿಗೇ ತೂತು ಬಿತ್ತು.

ಬಿಡಿಭಾಗ ತರುವ ಹೊಣೆಯನ್ನಾದರೂ ನಾನೇ ಹೊತ್ತೆ. ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದರೆ ಜೆ.ಸಿ. ರೋಡು. ಬ್ರೇಕಿಲ್ಲದ ಕಾರು ಮನೆಯಲ್ಲಿ, ಹಾಗಾಗಿ ಯಾವ ಮೆಟ್ರೊವನ್ನು ಬೈದಿದ್ದೆನೋ ಅದೇ ಮೆಟ್ರೊ ಹತ್ತಿದೆ. ಆರ್.ವಿ. ರೋಡಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದೆ. ಅಂಗಡಿಯ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಪರೀಕ್ಷೆ ಶುರುಮಾಡಿದ.

“ಪ್ಯಾಡ್ ಮುಂದಿಂದಾ, ಹಿಂದಿಂದಾ?”

“ಎರಡೂ ಕೊಡಪ್ಪ. ಒಳ್ಳೆಯದೇ ಕೊಡು.”

“ನಿಮ್ಮ ಗಾಡಿಗೆ ಹಿಂದೆ ಡ್ರಮ್ಮು ಸಾರ್. ಪ್ಯಾಡ್ ಬರಲ್ಲ, ಲೈನರ್ ಬರುತ್ತೆ. ಎಬಿಎಸ್ ಇದೆಯಾ?”

2019ರ ಏಪ್ರಿಲ್ ಆದಮೇಲೆ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ. ನನ್ನದು ಅದಕ್ಕಿಂತ ಹಳೆಯದು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಗೆ ಫೋನ್ ಮಾಡಿದೆ. ಎಂಟನೇ ಕ್ಲಾಸಿನ ಮಗಳು ಎತ್ತಿದಳು. “ಇದೆ ಅಪ್ಪ. ಕೀ ತಿರುಗಿಸಿದಾಗ ಹಳದಿ ಲೈಟ್ ಬರುತ್ತಲ್ಲ, ಅದರಲ್ಲೇ ಬರೆದಿದೆ.” ಇಷ್ಟು ವರ್ಷ ಅದನ್ನು ಶುಭಸೂಚನೆ ಅಂದುಕೊಂಡಿದ್ದೆ.

“ಕಂಪನಿದು ಬೇಕಾ, ಒಇಎಂ ಸಾಕಾ, ಲೋಕಲ್ಲಾ?” ಹುಡುಗ ಮೂರು ಡಬ್ಬಿ ಇಟ್ಟ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ, ನನಗೆ ಪರಿಚಯವೇ ಇಲ್ಲದ ಹಿರಿಯರು ಒಂದನ್ನು ನನ್ನ ಕಡೆ ತಳ್ಳಿದರು. “ಇದು ತಗೊಳ್ಳಿ. ಹೊಲೊಗ್ರಾಮ್ ನೋಡ್ಕೊಳ್ಳಿ.” ಆಯ್ಕೆ ಮುಗಿಯಿತು. ಪ್ಯಾಡ್ ಸೆಟ್ 1,800, ಡಿಸ್ಕ್ ಜೋಡಿ 4,600. ಚೌಕಾಸಿ ಮಾಡಿ ಒಂದು ಕೀ ಬಂಚ್ ಗೆದ್ದೆ.

ಒಂದೊಂದು ಡಿಸ್ಕೂ 4 ಕೆ.ಜಿ. ಮೇಲೆ. ಬೆನ್ನಿನ ಚೀಲದಲ್ಲಿ ಎರಡನ್ನೂ ಹೊತ್ತು ಮೆಟ್ರೊದ ಸ್ಕ್ಯಾನರಿಗೆ ಹಾಕಿದೆ. ಪರದೆಯಲ್ಲಿ ಕಪ್ಪಗೆ ಎರಡು ದೊಡ್ಡ ವೃತ್ತ ಮೂಡಿದ್ದೇ ತಡ, ಬೆಲ್ಟ್ ನಿಂತಿತು, ಕ್ಯೂ ನಿಂತಿತು, ನನ್ನ ಉಸಿರೂ ನಿಂತಿತು. ಸೆಕ್ಯುರಿಟಿಯವರು ಚೀಲ ಬಿಚ್ಚಿ, ಡಿಸ್ಕ್ ಹೊರಳಿಸಿ, ಬೆರಳಿನಲ್ಲಿ ತಟ್ಟಿದರು. ನಾನು ಆಧಾರ್ ಕಾರ್ಡ್ ತೆಗೆಯುತ್ತಿದ್ದೆ.

“ಎಷ್ಟು ಕೊಟ್ರಿ ಸಾರ್?”

ಹೇಳಿದೆ.

“ಜಾಸ್ತಿ ಆಯ್ತು,” ಅಂತ ಜಿಪ್ ಹಾಕಿ ಕಳಿಸಿದರು.

ಮಾರನೆಯ ದಿನ ಮೆಕ್ಯಾನಿಕ್ ಹುಡುಗ ಮನೆಗೇ ಬಂದ. ಊಟದ ಮೇಜಿನ ಮೇಲಿಟ್ಟಿದ್ದ ಡಿಸ್ಕ್ ಎತ್ತಿಕೊಂಡು ದಂಗಾದ. ಎರಡಕ್ಕೂ ನಡುಮಧ್ಯೆ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ. ಹೊಸ ಕಬ್ಬಿಣ ಮನೆಗೆ ಬಂದರೆ ಅತ್ತೆ ಸುಮ್ಮನಿರುವವರಲ್ಲ. “ತುಕ್ಕು ಹಿಡೀಬಾರ್ದು ಅಂತ ಕಂಪನಿಯವರು ಎಣ್ಣೆ ಬಳಿದಿರ್ತಾರೆ, ಅದನ್ನ ಒರೆಸಲೇಬೇಕು ಅಣ್ಣ. ಅದರ ಜೊತೆ ಇದೂ ಹೋಗುತ್ತೆ,” ಅಂದ. ಅತ್ತೆ ಒಳಗೆ ಹೋಗುವವರೆಗೆ ಕಾದು ಒರೆಸಿದೆವು.

ಮುಂದಿನದ್ದು ನನ್ನ ಜಾಣತನದ ಫಲ. ಪ್ಯಾಡು ಸವೆದಷ್ಟೂ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುತ್ತದೆ. ಇಳಿದದ್ದು ಕಂಡು ಹಿಂದಿನ ವಾರವೇ ಭರ್ತಿ ಮಾಡಿ, ಮನೆಯವರಿಗೆಲ್ಲ ತೋರಿಸಿ ಮೆಚ್ಚುಗೆ ಪಡೆದಿದ್ದೆ. ಈಗ ದಪ್ಪನೆಯ ಹೊಸ ಪ್ಯಾಡಿಗೆ ಜಾಗ ಮಾಡಲು ಹುಡುಗ ಪಿಸ್ಟನ್ ಹಿಂದಕ್ಕೆ ಒತ್ತಿದ ಕೂಡಲೇ ಆಯಿಲೆಲ್ಲ ವಾಪಸ್ ಬಂದು ಡಬ್ಬಿ ಉಕ್ಕತೊಡಗಿತು.

“ಅಯ್ಯೋ, ಪೇಂಟ್ ತಿಂದುಹಾಕುತ್ತೆ! ಸಿರಿಂಜ್ ಇದೆಯಾ, ಸಿರಿಂಜ್?”

ನನ್ನ ಕೈಗೆ ಸಿಕ್ಕಿದ್ದು ಮಗಳ ಹೋಳಿ ಪಿಚಕಾರಿ. ಒಳಗೆ ಹೋದ ವರ್ಷದ ಗುಲಾಬಿ ಬಣ್ಣ ಇನ್ನೂ ಅಂಟಿತ್ತು. ಹುಡುಗ ಪಿಚಕಾರಿಯನ್ನೂ ನನ್ನನ್ನೂ ನೋಡಿ, ತನ್ನ ಬನಿಯನ್ ಚಿಂದಿಯಿಂದಲೇ ಎಳೆದುಕೊಂಡ. ಆಮೇಲೆ ನೀರು ಸುರಿದು ತೊಳೆದ. “ಅಣ್ಣ, ನೀವು ಒಳಗೆ ಕೂತ್ಕೊಳ್ಳಿ. ಕೆಲಸ ಬೇಗ ಆಗುತ್ತೆ.”

ಒಳಗೆ ಕೂತರೂ ನಾನು ಸುಮ್ಮನಿರುವ ಗಿರಾಕಿಯಲ್ಲ. ತೂತಿನ ಡಿಸ್ಕ್ ಕೈತಪ್ಪಿದ ದುಃಖಕ್ಕೆ ಆನ್‌ಲೈನಿನಲ್ಲಿ ಪ್ಯಾಡು ಹಿಡಿದಿರುವ ಕ್ಯಾಲಿಪರಿಗೆ ಕೆಂಪು ಕವರ್ ತರಿಸಿದ್ದೆ. ಚಕ್ರದ ಸಂದಿಯಿಂದ ಕೆಂಪಗೆ ಕಂಡರೆ ದೊಡ್ಡ ರೇಸ್ ಕಾರು ಅನ್ನಿಸಬೇಕು. ಅದರ ಮೇಲಿದ್ದ ಇಟಲಿಯ ಕಂಪನಿ ಹೆಸರಿನಲ್ಲಿ ಒಂದಕ್ಷರ ಕಮ್ಮಿ ಇದೆ ಅಂತ ಮಗಳು ಕಂಡುಹಿಡಿದಳು. ಅಂಟಿಸಿಕೊಂಡು ಬಿಟಿಎಲ್ ಕಾಲೇಜಿನ ತಿರುವಿನವರೆಗೂ ಹೋಗಿರಲಿಲ್ಲ, ಒಳಗಿನಿಂದ ‘ಕರಕರ ಕರಕರ’. ಪ್ಲಾಸ್ಟಿಕ್ ಕವರು ರಿಮ್ಮಿಗೆ ಉಜ್ಜುತ್ತಿತ್ತು. ಆರು ಸಾವಿರ ಕೊಟ್ಟು ಕಳಿಸಿದ ಸದ್ದನ್ನು ನಾನೂರು ಕೊಟ್ಟು ವಾಪಸ್ ಕರೆಸಿಕೊಂಡಿದ್ದೆ. ಆ ಕವರಿನಲ್ಲಿ ಈಗ ಇವಳು ಬಟ್ಟೆ ಕ್ಲಿಪ್ಪು ಹಾಕಿಟ್ಟಿದ್ದಾಳೆ.

ಕೊನೆಯ ವಿಧಿ ಬಾಕಿಯಿತ್ತು. ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು. 50–60 ಕಿ.ಮೀ. ವೇಗದಿಂದ ನಯವಾಗಿ 15ಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಸ್ವಲ್ಪ ಆರಲು ಬಿಟ್ಟು ಮತ್ತೆ ಅದನ್ನೇ ಮಾಡಬೇಕು. ಹೀಗೆ ಹಲವು ಸಲ. ಆಗ ಪ್ಯಾಡಿನ ತೆಳುಪದರ ಡಿಸ್ಕಿಗೆ ಸಮನಾಗಿ ಹತ್ತುತ್ತದೆ. ಹೆಬ್ಬಗೋಡಿಯಲ್ಲಿ 60ರ ವೇಗ! ಭಾನುವಾರ ನಸುಕಿಗೆ ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಗೆ ಹೋಗುವುದೆಂದು ತೀರ್ಮಾನವಾಯಿತು. ಹುಸ್ಕೂರು ಮದ್ದೂರಮ್ಮನ ಗುಡಿಗೆ ಹೊರಟಿದ್ದೇವೆ ಅಂದುಕೊಂಡು ಅತ್ತೆ ತೆಂಗಿನಕಾಯಿ ಬುಟ್ಟಿ ಸಮೇತ ಹಿಂದಿನ ಸೀಟಿನಲ್ಲಿ ಕೂತರು.

ಮೊದಲ ಸಲ ಹಂಪ್ ಅಡ್ಡ ಬಂತು. ಎರಡನೇ ಸಲ ನಾಯಿ. ಮೂರನೇ ಸಲ ಯಾವುದೂ ಅಡ್ಡ ಬರಲಿಲ್ಲ, ನನ್ನ ಕಾಲೇ ಜೋರಾಗಿ ಬಿತ್ತು. ಹಿಂದಿನಿಂದ “ಅಮ್ಮಾ ಮದ್ದೂರಮ್ಮಾ!” ಅಂತ ಕೂಗು ಕೇಳಿತು. ತೆಂಗಿನಕಾಯಿ ಉರುಳಿಕೊಂಡು ಬಂದು ಕ್ಲಚ್ಚಿನ ಕೆಳಗೆ ಸೇರಿತು.

“ಇಳೀರಿ,” ಅಂದಳು ಇವಳು. ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡು ಹೊರಟಳು. ಏರಿತು, ಇಳಿಯಿತು, ಏರಿತು, ಇಳಿಯಿತು. ಬುಟ್ಟಿಯಲ್ಲಿ ಹೂ ಕೂಡ ಅಲುಗಲಿಲ್ಲ. “1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಮಕ್ಕಳನ್ನ ಕೂರಿಸ್ಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರ್ ಓಡಿಸಿದ್ಲಂತೆ,” ಅಂದಳು ಸ್ಟಿಯರಿಂಗ್ ಹಿಡಿದೇ. “ದಾರೀಲಿ ಬ್ರೇಕ್ ಸವೆದ್ರೆ ಚಮ್ಮಾರನ ಹತ್ರ ಚರ್ಮ ಹೊಡೆಸಿದ್ಲಂತೆ. ಮೊದಲನೇ ಬ್ರೇಕ್ ಲೈನಿಂಗೇ ಅದಂತೆ. ಎದ್ದು, ಹೋಗಿ, ಹಾಕಿಸಿದ್ಲು. ಸಭೆ ಮಾಡಲಿಲ್ಲ.”

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೂರದಲ್ಲಿ ಲಾರಿಯ ಕೆಂಪು ದೀಪ ಕಂಡಾಗಲೆಲ್ಲ ನನ್ನ ಬಲಗಾಲು ತಾನಾಗಿ ನೆಲಕ್ಕೆ ಒತ್ತುತ್ತಿತ್ತು.

“ಆ ಕಡೆ ಏನೂ ಇಲ್ಲ ಕಣ್ರೀ. ಎಷ್ಟು ಒತ್ತಿದ್ರೂ ನಿಲ್ಲಲ್ಲ.”

ಬಗ್ಗಿ ನೋಡಿದೆ. ಮ್ಯಾಟಿನ ಮೇಲೆ ಹಿಮ್ಮಡಿಯ ಜಾಗದಲ್ಲಿ ರೂಪಾಯಿಯಗಲ ಸವೆದು ನೆಲದ ತಗಡು ಕಾಣುತ್ತಿತ್ತು. ನಿಮ್ಮ ಕಾರಿನಲ್ಲೂ ಎಡಗಡೆ ಒಮ್ಮೆ ನೋಡಿಕೊಳ್ಳಿ, ಇದ್ದೇ ಇರುತ್ತದೆ. ಇದನ್ನಾದರೂ ಬದಲಾಯಿಸುವುದು ನನ್ನ ಕೈಯಲ್ಲಿದೆ, ಯಾರನ್ನೂ ಕೇಳಬೇಕಾಗಿಲ್ಲ ಅಂದುಕೊಂಡು ಮನೆಗೆ ಬಂದವನೇ ಮೊಬೈಲ್ ತೆಗೆದೆ. ರಬ್ಬರ್, ಕಾರ್ಪೆಟ್, 5ಡಿ, 7ಡಿ... ಇನ್ನೂ ಬಣ್ಣದವರೆಗೂ ಹೋಗಿರಲಿಲ್ಲ, ಕೆಳಗಿನ ಮನೆಯವರು ಅಳತೆ ಟೇಪು ಹಿಡಿದು ಬಾಗಿಲು ತಟ್ಟಿದರು.

“ಮ್ಯಾಟ್ ಹಾಕಿಸ್ತಿದ್ದೀರಂತೆ? ಅಮ್ಮ ಹೇಳಿದ್ರು.”