ಬಾಟ್ಲಿ ಸಿಕ್ಕಿತು, ಮುಚ್ಚಳ ಇಲ್ಲ

ಕಾರು ಕೆಟ್ಟರೆ ದೊಡ್ಡದಾಗಿ ಕೆಡಬೇಕು. ಎಂಜಿನ್ ಹೋಯಿತು ಎಂದರೆ ಬೀಗರು ಫೋನ್ ಮಾಡಿ ವಿಚಾರಿಸುತ್ತಾರೆ. ಗಿಯರ್ ಬಾಕ್ಸ್ ಹೋಯಿತು ಎಂದರೆ ಕಟ್ಟೆಯ ಮೇಲೆ ಕೂತವರು ಸರಿದು ಜಾಗ ಕೊಡುತ್ತಾರೆ. ಕೂಲಂಟ್ ಬಾಟ್ಲಿ ಸೀಳಿದೆ ಎಂದರೆ ನಮ್ಮ ಬೈಲಹೊಂಗಲದಲ್ಲಿ ಒಂದು ಕಪ್ ಚಹಾ ಕೂಡ ಹುಟ್ಟುವುದಿಲ್ಲ. "ಬಾಟ್ಲಿ ಅಲ್ಲೇನ್ರಿ? ಒಂದ್ ಹೊಸಾದ ಹಾಕಿಸಿ ಬಿಡ್ರಿ" ಎಂದು ಮತ್ತೆ ರಾಜಕೀಯಕ್ಕೆ ಹೋಗುತ್ತಾರೆ.

ಹೊಸದನ್ನು ಹಾಕಿಸಬೇಕಾದರೆ ಅದನ್ನು ಯಾರಾದರೂ ಮಾಡಬೇಕಲ್ಲ. ನನ್ನ ಕಾರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಅದಕ್ಕಿರುವ ಅಷ್ಟಿಷ್ಟು ಬೆಲೆಯೂ ಇಳಿದೀತು. ತಯಾರಿಕೆ ನಿಂತ ಗಾಡಿ ಎಂದರೆ ಸಾಕು. ನಿಂತ ಗಾಡಿಗಳಲ್ಲೂ ಮೇಲು ಕೀಳು ಇದೆ. ಮಾರುತಿ 800 ಬಂದದ್ದು 1983ರಲ್ಲಿ, ನಿಂತದ್ದು 2014ರ ಜನವರಿಯಲ್ಲಿ. ಅದರ ಸಾಮಾನು ಇವತ್ತಿಗೂ ಬಸ್ ಸ್ಟ್ಯಾಂಡಿನ ಎದುರಿಗೇ ಸಿಗುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ನಿಂತ ಅಂಬಾಸಿಡರಿಗೆ ಬೇಕಾದದ್ದು ಸಿಗದಿದ್ದರೆ ಲೇಥ್ ಅಂಗಡಿಯವನು ಕಡೆದು ಕೊಡುತ್ತಾನೆ. ನನ್ನದು ಮಾರಾಟವಾದದ್ದೇ ಕಡಿಮೆ. ಹೀಗಾಗಿ ಗುಜರಿಗೆ ಬಂದದ್ದೂ ಕಡಿಮೆ. ಕೊಳ್ಳುವಾಗ ನನಗೆ ಇದೇ ಹೆಮ್ಮೆ: ಇಡೀ ತಾಲೂಕಿನಲ್ಲಿ ಇಂಥ ಗಾಡಿ ಇನ್ನೊಂದಿಲ್ಲ!

ಬಾಟ್ಲಿ ಸೀಳಿದ್ದು ರಾಮದುರ್ಗದಲ್ಲಿ, ಮಾವನವರ ಮನೆಯ ಎದುರು. ಹೊರಡಲು ಎಲ್ಲರೂ ಅಂಗಳಕ್ಕೆ ಬಂದು ನಿಂತಿದ್ದರು. ಬಾನೆಟ್ ಕೆಳಗಿಂದ ಬುಸ್ಸೆಂದು ಹಬೆ ಎದ್ದಿತು, ಆಗಷ್ಟೇ ಹಾಕಿದ್ದ ರಂಗೋಲಿಯ ಮೇಲೆ ಹಸಿರು ನೀರು ಹರಿಯಿತು. ಭಾವಮೈದುನ ಒಂದು ಮಾತೂ ಆಡದೆ ತನ್ನ ಹೊಸ ದೊಡ್ಡ ಗಾಡಿಯ ಕೀಲಿ ತಂದು ಹಿಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ತಗೋರಿ ಮಾವಾರ, ನಿಮ್ಮದ ಗಾಡಿ ಅಂತ ತಿಳ್ಕೋರಿ" ಎಂದುಬಿಟ್ಟ. ನಾನು ಬಸ್ಸಿನಲ್ಲಿ ಬರುತ್ತೇನೆ ಎಂದೆ. ನನ್ನವಳು ಮಕ್ಕಳನ್ನು ಕರೆದುಕೊಂಡು ತಮ್ಮನ ಗಾಡಿಯ ಎಸಿಯಲ್ಲಿ ಕೂತು, ದಾರಿಯಲ್ಲಿ ನನ್ನ ಬಸ್ಸನ್ನು ಹಿಂದೆ ಹಾಕಿ, ಕೈ ಬೀಸಿ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಬಾಟ್ಲಿಯ ಮಹತ್ವ ವಿವರಿಸಿದೆ. ಹಳೆಯ ಎಷ್ಟೋ ಕಾರುಗಳಲ್ಲಿ ಒತ್ತಡ ಹಿಡಿಯುವ ಮುಚ್ಚಳ ರೇಡಿಯೇಟರಿನ ಮೇಲೇ ಇರುತ್ತದೆ, ಪಕ್ಕದ ಬಾಟ್ಲಿ ಉಕ್ಕಿದ ನೀರು ಹಿಡಿಯುವುದಕ್ಕೆ ಮಾತ್ರ. ನಮ್ಮದರಲ್ಲಿ ಬಾಟ್ಲಿಯೇ ಒತ್ತಡ ತಡೆಯಬೇಕು. ಮುಚ್ಚಳದ ಮೇಲೆ 1.4 ಬಾರ್ ಎಂದು ಅಚ್ಚು ಇದೆ. ಒತ್ತಡ ಒಂದು ಬಾರ್ ಏರಿದರೆ ನೂರು ಡಿಗ್ರಿಗೆ ಕುದಿಯುವ ನೀರು ಸುಮಾರು ನೂರಿಪ್ಪತ್ತಕ್ಕೆ ಕುದಿಯುತ್ತದೆ, ಹಾಗಾಗಿ...

"ಕುಕ್ಕರ್ ಅನ್ರಿ" ಎಂದಳು. "ಗ್ಯಾಸ್ಕೆಟ್ ಹೋಗೇತಿ. ಅದಕ್ಕ ಇಷ್ಟ್ಯಾಕ ಭಾಷಣಾ?"

ಇಪ್ಪತ್ತು ನಿಮಿಷ ಹಿಡಿಯಬೇಕಾಗಿದ್ದ ನನ್ನ ಉಪನ್ಯಾಸ ಅಲ್ಲಿಗೇ ಮುಗಿಯಿತು. ಮೇಲಾಗಿ ಅವಳ ಮಾತು ಸರಿಯಾಗಿತ್ತು.

ಸೀಳಿದ ಬಾಟ್ಲಿ ಹಿಡಿದುಕೊಂಡು ಕಿತ್ತೂರಿಗೆ ಹೋದೆ. ಅಲ್ಲಿ ಹೆದ್ದಾರಿ ಬದಿಯಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ, ಪುಣೆ-ಬೆಂಗಳೂರು ರಸ್ತೆಯಲ್ಲಿ ಹಾಯ್ದುಕೊಂಡ ಗಾಡಿಗಳೆಲ್ಲ ಅವನ ಹಿತ್ತಲಿಗೆ ಬಂದು ಬೀಳುತ್ತವೆ. ಅವನು ಬಾಟ್ಲಿಯನ್ನು ಬಿಸಿಲಿಗೆ ಎತ್ತಿ ಹಿಡಿದ. ಒಂದು ಕಾಲಕ್ಕೆ ಹಾಲಿನ ಬಣ್ಣದ್ದು, ಈಗ ಖಡಕ್ ಚಹಾದ ಬಣ್ಣಕ್ಕೆ ಬಂದಿತ್ತು. ಮೇಲಿನರ್ಧ, ಕೆಳಗಿನರ್ಧ ಕಾಸಿ ಕೂಡಿಸಿದ ಜೋಡಿನಗುಂಟ ಕೂದಲೆಳೆಯಷ್ಟು ಸೀಳು. ಬುಡದ ಕೆಸರನ್ನು ಉಗುರಿನಿಂದ ಕೆರೆದು ಪಿಪಿ ಎಂಬ ಎರಡು ಅಕ್ಷರ ತೋರಿಸಿದ. "ಪಾಲಿಪ್ರೊಪಿಲೀನ್ ಐತ್ರಿ ಸರ್. ಇದಕ್ಕ ಯಾವ ಅಂಟೂ ಹಿಡಿಯಂಗಿಲ್ಲ. ಕಾಸಿ ಬೆಸದ್ ಕೊಟ್ರ ಊರ ಮುಟ್ಟತೀರಿ, ಬೀಗರೂರ ಮುಟ್ಟಂಗಿಲ್ಲ."

ಪಕ್ಕದಲ್ಲಿ ನಿಂತವನೊಬ್ಬ ಗಾಡಿಯನ್ನೇ ಗುಜರಿಗೆ ಹಾಕಿಬಿಡಿ ಎಂದ. ನನಗೆ ರೋಷ ಬಂತು. ಹೇಳಿದ ಜಾಗವಾದರೂ ಯಾವುದು! 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರನ್ನು ಕೊಡಿ ಎಂದು ದಂಡು ಕಟ್ಟಿಕೊಂಡು ಬಂದು ಇದೇ ಕೋಟೆಯ ಮುಂದೆ ಪ್ರಾಣ ಬಿಟ್ಟ. ಕೇಳಿದ ಕೂಡಲೇ ಬಿಟ್ಟುಕೊಡುವ ಮಣ್ಣಲ್ಲ ಇದು. ಮನೆಗೆ ಬಂದು ಇದನ್ನೇ ಸ್ವಲ್ಪ ಏರಿದ ದನಿಯಲ್ಲಿ ಹೇಳಿದೆ. "ಚೆನ್ನಮ್ಮ ತಾಯಿ ರಾಜ್ಯಕ್ಕ ಕತ್ತಿ ಹಿಡದ್ಲು. ನೀವು ಬಾಟ್ಲಿ ಹಿಡ್ಕೊಂಡ ನಿಂತೀರಿ" ಎಂದು ನನ್ನವಳು ಒಳಗೆ ಹೋದಳು. ರಾಣಿಯ ಸಮಾಧಿ ನಮ್ಮೂರಲ್ಲೇ ಇದೆ. ಆ ಕಡೆ ಹಾಯುವಾಗ ಕೆಲವು ದಿನ ನನಗೆ ತಲೆ ಎತ್ತಲಾಗಲಿಲ್ಲ.

ಹೊಸ ಬಾಟ್ಲಿ ಕೊನೆಗೆ ಹುಬ್ಬಳ್ಳಿಯಲ್ಲಿ ಸಿಕ್ಕಿತು. ಯಾರೋ ಲೋಕಲ್ ಆಗಿ ಮಾಡಿದ್ದು, ಅಳತೆ ಸರಿ ಇದೆ. ಕುಣಿಯುತ್ತ ಮನೆಗೆ ತಂದು ನೋಡಿದರೆ ಬರೀ ಬಾಟ್ಲಿ. ಮುಚ್ಚಳ ಬೇರೆ ಸಾಮಾನು, ಅದು ಬಂದ್. ನೀರು ಇಳಿದರೆ ದೀಪ ಹತ್ತಿಸುವ ಸೆನ್ಸರು ಬೇರೆ, ಅದರ ಕೊರಳಿನ ರಬ್ಬರ್ ಉಂಗುರ ಬೇರೆ. ಬುಡ ಕೂರುವ ರಬ್ಬರ್ ಬುಷ್ ಕೂಡ ಬೇರೆ. ಎಲ್ಲ ಬಂದ್. ಕೇಳಿದರೆ ಇಡೀ ಎಂಜಿನ್ ತರಿಸಿಕೊಡುವ ಮಹಾನುಭಾವರು ಸಿಕ್ಕರು. ಹೆಬ್ಬೆರಳಿನಷ್ಟು ರಬ್ಬರ್ ಕೊಡುವವರು ಸಿಗಲಿಲ್ಲ. ಹಳೆಯ ಮುಚ್ಚಳ ಹಾಕೋಣವೆಂದರೆ ಅದರೊಳಗಿನ ಸೀಲು ರಾಮದುರ್ಗದ ರಂಗೋಲಿಯ ಮೇಲೆ ತುಂಡಾಗಿ ಬಿದ್ದಿತ್ತು. ಬೇರೆ ಗಾಡಿಯ ಮುಚ್ಚಳ ತಿರುವಿದರೆ ಕೂರುತ್ತದೆ ನಿಜ. ಅದು ಕಡಿಮೆ ಒತ್ತಡಕ್ಕೇ ಬಿಟ್ಟುಕೊಟ್ಟರೆ ನೀರು ಬೇಗ ಕುದಿಯುತ್ತದೆ, ಹೆಚ್ಚು ತಡೆದರೆ ಹೋಸ್ ಪೈಪು ಹರಿಯುತ್ತದೆ.

ರಬ್ಬರಿನ ಸಮಸ್ಯೆ ಊರಲ್ಲೇ ಬಗೆಹರಿಯಿತು. ಟ್ರಾಲಿಯ ಹೈಡ್ರಾಲಿಕ್ ಸಾಮಾನು ಮಾರುವವನು ಉಂಗುರ ತಿರುಗಿಸಿ ನೋಡಿ, ತನ್ನ ಹತ್ತಿರ ಆ ಅಳತೆಯದು ಇದ್ದರೂ ಕೊಡಲಿಲ್ಲ. "ನಮ್ಮದು ಎಣ್ಣಿ ರಬ್ಬರ್ ಐತ್ರಿ. ನಿಮಗ ಬಿಸಿನೀರ ತಡಿಯೂದ ಬೇಕು" ಎಂದು ಪಂಪ್‌ಸೆಟ್ ಅಂಗಡಿಗೆ ಕಳಿಸಿದ. ಕೈಗೆ ಬಂದ ಗಿರಾಕಿಯನ್ನು ಬಿಟ್ಟುಕೊಡುವ ಇಂಥ ವ್ಯಾಪಾರಿಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಬುಷ್ ಅನ್ನು ಸೈಕಲ್ ಟ್ಯೂಬ್ ಮಡಚಿ ನಾನೇ ಮಾಡಿದೆ. ಮನೆಗೆ ಬಂದವರಿಗೆಲ್ಲ ಬಾನೆಟ್ ಎತ್ತಿ ಅದನ್ನು ತೋರಿಸುತ್ತಿದ್ದೆ. ಕ್ರಮೇಣ ಮನೆಗೆ ಬರುವವರು ಕಡಿಮೆಯಾದರು.

ಮುಚ್ಚಳ ಇದ್ದದ್ದು ಕಿತ್ತೂರಿನ ಅದೇ ಹಿತ್ತಲಲ್ಲಿ. ನನ್ನದೇ ಮಾದರಿಯ ಗಾಡಿಯೊಂದು ಹಿಂಭಾಗ ನುಜ್ಜಾಗಿ ಬಂದು ಬಿದ್ದಿತ್ತು, ಮುಂಭಾಗ ಗಟ್ಟಿ. ಮಿಸ್ತ್ರಿ ಮುಚ್ಚಳವೊಂದನ್ನೇ ಕೊಡಲು ಒಪ್ಪಲಿಲ್ಲ. "ಸೆಟ್ ಮುರದ್ರ ಉಳದಿದ್ದ ಯಾರ್ ತಗೋತಾರ್ರಿ ಸರ್?" ಎಂದ. ನ್ಯಾಯವಾದ ಮಾತು. ಉಳಿದದ್ದನ್ನು ತೆಗೆದುಕೊಳ್ಳುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ, ಅವನ ಎದುರಿಗೇ ನಿಂತಿದ್ದ. ಅಂಗೈಯಗಲದ ಮುಚ್ಚಳಕ್ಕಾಗಿ ರೇಡಿಯೇಟರು, ಫ್ಯಾನು, ಎರಡು ಪೈಪು, ಒಂದು ಹೆಡ್‌ಲೈಟು ಟಂಟಂನಲ್ಲಿ ಹೇರಿಕೊಂಡು ಸಂಜೆಗತ್ತಲಲ್ಲಿ ಮನೆ ಸೇರಿದೆ. ಹಗಲು ತರುವ ಧೈರ್ಯವಿರಲಿಲ್ಲ.

ಈಗ ಆ ರೇಡಿಯೇಟರಿನ ಮೇಲೆ ಅವ್ವ ಮೆಣಸಿನಕಾಯಿ ಒಣಗಿಸುತ್ತಾಳೆ. ಕೆಳಗಿಂದ ಗಾಳಿ ಆಡುತ್ತದಂತೆ. ಫ್ಯಾನಿನ ಚೌಕಟ್ಟಿನಲ್ಲಿ ಬೆಕ್ಕು ಮಲಗುತ್ತದೆ. ಕೂಲಂಟ್ ಡಬ್ಬಿಯನ್ನು ಮಾತ್ರ ನನ್ನವಳು ಅಟ್ಟದ ಮೇಲಿಟ್ಟು ಬೀಗ ಹಾಕಿದ್ದಾಳೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಶರಬತ್ತೆಂದು ಯಾರಾದರೂ ಕುಡಿದಾರು. ಈ ವಿಷಯದಲ್ಲಿ ಅವಳಿಗೆ ನನ್ನ ಮೇಲೇ ಹೆಚ್ಚು ಸಂಶಯ.

ಎಲ್ಲ ಕೂಡಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ತುಂಬಿದ್ದಾಯಿತು. ಪರೀಕ್ಷೆ ಆಗಬೇಕಲ್ಲ. ಭಾರತ ಹುಣ್ಣಿಮೆ ಬಂತು, ಅವ್ವನಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಹರಕೆ. ಮುಂದೆ ಚಕ್ಕಡಿ, ಹಿಂದೆ ಟ್ರ್ಯಾಕ್ಟರು, ಮಾರಿಗೊಮ್ಮೆ ನಿಲ್ಲುವ ಗಾಡಿಗಳ ಸಾಲು. ಗಾಳಿ ಹೊಡೆಯದೆ ಏರುದಾರಿಯಲ್ಲಿ ತೆವಳುವುದಕ್ಕಿಂತ ಕಠಿಣ ಪರೀಕ್ಷೆ ಎಂಜಿನ್ನಿಗೆ ಬೇರೆ ಇಲ್ಲ. ಕಾಟಾ ಅರ್ಧ ದಾಟಿ ಒಂದು ಗೆರೆ ಏರಿತು. ನಾನು ತಡಮಾಡದೆ ಹೀಟರ್ ಪೂರ್ತಿ ಹಚ್ಚಿದೆ. ಎಂಜಿನ್ನಿನ ಕಾವನ್ನು ಒಳಗೆ ಎಳೆದುಕೊಂಡರೆ ಅದಕ್ಕೆ ಅಷ್ಟು ಹಗುರ, ಇದು ಶಾಸ್ತ್ರ. ಫೆಬ್ರವರಿಯ ಮಟಮಟ ಮಧ್ಯಾಹ್ನ, ಸವದತ್ತಿಯ ಬಿಸಿಲು. ಹಿಂದಿನ ಸೀಟಿನಿಂದ ಅವ್ವನ ದನಿ: "ಯಪ್ಪಾ, ಕಾಲ ಸುಡಾಕತ್ತಾವೋ!" ಮಗ ಅಂಗಿ ಕಳಚಿದ. ನನ್ನವಳು ಮುಖಕ್ಕೆ ಸೆರಗು ಹೊದ್ದು ಕೂತಳು. ಹೊರಗೆ ಉಧೋ ಉಧೋ ಎನ್ನುವ ಭಕ್ತರು ನಮ್ಮ ಕೆಂಪು ಮುಖಗಳನ್ನು ನೋಡಿ, ಇದೂ ಒಂದು ಹರಕೆ ಇರಬೇಕೆಂದು ಕೈ ಮುಗಿದು ದಾರಿ ಬಿಟ್ಟರು.

ಗುಡ್ಡ ಏರಿದೆವು. ಕಾಟಾ ಮತ್ತೆ ನಡುವಿಗೆ ಬಂತು, ಒಂದು ಹನಿ ಸೋರಿರಲಿಲ್ಲ. ಗಾಡಿ ನಿಲ್ಲಿಸಿ, ಕಾರಣ ಇಲ್ಲದಿದ್ದರೂ ಬಾನೆಟ್ ಎತ್ತಿದೆ. ಆಗ ಜನರ ನಡುವಿಂದ ಒಬ್ಬರು ಓಡಿ ಬಂದರು. ವಿಜಯಪುರದ ಕಡೆಯವರು. ಅವರದೂ ಇದೇ ಗಾಡಿಯಂತೆ, ಮನೆ ಮುಂದೆ ನಿಂತಿದೆಯಂತೆ. ನನ್ನ ಮುಚ್ಚಳದ ಮೇಲೆ ಬೆರಳಾಡಿಸಿ ಒರಿಜಿನಲ್ಲೇನ್ರಿ ಎಂದು ಕೇಳಿದಾಗ ಅವರ ದನಿ ನಡುಗುತ್ತಿತ್ತು. ನನ್ನ ಎದೆ ಉಬ್ಬಿತು.

"ಎಷ್ಟರೆ ಆಗಲಿ, ಈ ಮುಚ್ಚಳ ಒಂದ ಕೊಡ್ರಿ ಸಾಹೇಬ್ರ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದಳು. "ಸೆಟ್ ಮುರಿಯಂಗಿಲ್ರಿ ಅಣ್ಣಾರ. ಒಯ್ಯೂದಾದ್ರ ಗಾಡಿ ಸಮೇತ ಒಯ್ರಿ. ರೇಡಿಯೇಟರ್ ಮನ್ಯಾಗೈತಿ, ಮೆಣಸಿನಕಾಯಿ ತಗದ್ ಕೊಡ್ತೀವಿ."